ಲೋಕಸಭೆಯಲ್ಲಿ ಗುಂಡಿಮಗ್ಗ

ಕಲ್ಯಾಣಿ ಲೋಕಸಭೆಯಲ್ಲಿ ಮೊದಲ ಸಲ ಮಾತಾಡಿದ ದಿನ ಆಂಧ್ರದ ಗಡಿಯ ಕಲ್ಯಾಣದುರ್ಗದ ಮನೆಯಲ್ಲಿ ಅವಳ ಅಪ್ಪ ಪೋತಪ್ಪ ಬೀದಿಯ ಅರ್ಧ ಜನರನ್ನು ಟಿವಿಯ ಮುಂದೆ ಕೂರಿಸಿಕೊಂಡಿದ್ದ. ಮಗಳು ನಾಲ್ಕು ನಿಮಿಷ ಓದಿದಳು. ದೆಹಲಿಯಲ್ಲಿ ಯಾರೋ ಇಂಗ್ಲಿಷಿನಲ್ಲಿ ಬರೆದುಕೊಟ್ಟ ಭಾಷಣ ಅದು. ಹಾಳೆಯಿಂದ ಒಮ್ಮೆಯೂ ತಲೆ ಎತ್ತಲಿಲ್ಲ. ಗಂಟೆ ಬಾರಿಸಿದೊಡನೆ ಅರ್ಧ ವಾಕ್ಯಕ್ಕೇ ಕೂತುಬಿಟ್ಟಳು.

“ಏನಂದ್ಳು ಕಣಪ್ಪ?” ಎಂದು ಪಕ್ಕದ ಮನೆಯ ನಾರಪ್ಪ ಕೇಳಿದ.

“ನಂಗೇನ್ಲಾ ಗೊತ್ತು? ನೀನೂ ನೋಡ್ದಲ್ಲ. ಸೀರೆ ಮಾತ್ರ ಚೆನ್ನಾಗಿತ್ತು,” ಎಂದ ಪೋತಪ್ಪ.

ಹಾಗೆಂದು ಕಲ್ಯಾಣಿ ಮಾತು ಬಾರದವಳಲ್ಲ. ಹಿಂದೂಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಹದಿನೈದು ವರ್ಷ ಸಮಾಜ ಪಾಠ ಮಾಡಿದವಳು. ಅವಳ ದನಿ ಮೂರನೇ ಕ್ಲಾಸ್‌ರೂಮಿನ ತನಕ ಕೇಳುತ್ತಿತ್ತು. ಓದಿಸಿದ ಹುಡುಗಿಯರೇ ಮನೆಮನೆಗೆ ತಿರುಗಿ ಓಟು ಕೇಳಿ ಗೆಲ್ಲಿಸಿದ್ದರು. ಆದರೆ ಆ ದೊಡ್ಡ ಸಭೆಯಲ್ಲಿ ನಿಂತಾಗ ಅವಳಿಗೆ ತಾನೇ ಹೋಮ್‌ವರ್ಕ್ ಮಾಡದೆ ಬಂದ ಹುಡುಗಿಯಂತೆ ಅನ್ನಿಸಿತ್ತು.

ಅಕ್ಟೋಬರಿನಲ್ಲಿ ಹಿಂದೂಪುರದಲ್ಲಿ ಮೂರು ದಿನ ಬಿಡದೆ ಮಳೆ ಸುರಿಯಿತು. ನಾಲ್ಕನೆಯ ದಿನ ಕಲ್ಯಾಣಿ, ತನ್ನ ಮನೆಯಂತೆ ಕನ್ನಡವೇ ಮನೆಮಾತಾದ ನೇಕಾರರ ಬೀದಿಗೆ ಹೋದಳು. ಒಂದು ಮನೆಯ ಬಾಗಿಲಿನಿಂದ ಪದ್ಮಾವತಮ್ಮ ಕೂಗಿದಳು. ಅವಳ ಮಗಳು ರಮ್ಯಾ ಕಲ್ಯಾಣಿಯ ಹಳೆಯ ವಿದ್ಯಾರ್ಥಿನಿ.

“ಟೀಚರಮ್ಮ, ನಿಂತ್ಕೋ. ನಮ್ಮ ರಮ್ಯಾ ಫೋನ್ನಾಗೆ ನಿನ್ ಮಾತು ತೋರ್ಸಿದ್ಳು. ಒಂದಕ್ಷರಾನೂ ತಿಳೀಲಿಲ್ಲ. ಅದ್ರಾಗೆ ಮಗ್ಗದ ಸುದ್ದಿ ಏನಾರ ಇತ್ತಾ?”

“ಹ್ಯಾಂಡ್ಲೂಮ್ ಸೆಕ್ಟರ್ ಅಂತ ಒಂದ್ಸಲ ಅಂದೆ ಅಕ್ಕ.”

“ಒಳಗ್ ಬಾ. ಸೆಕ್ಟರ್ ತೋರಿಸ್ತೀನಿ.”

ನಡುಮನೆಯಲ್ಲಿ ಮಗ್ಗ. ನೇಯುವವರು ಕಾಲು ಇಳಿಬಿಟ್ಟು ಕೂರುವ ಗುಂಡಿ ಅಂಚಿನವರೆಗೂ ತುಂಬಿತ್ತು. ತುಳಿಯುವ ಹಲಗೆಗಳು ಕೆಂಪು ನೀರಿನಲ್ಲಿ ಮುಳುಗಿದ್ದವು. ಮಗ್ಗದ ಮೇಲಿದ್ದ ಹಸಿರು ರೇಷ್ಮೆ ತೇವ ಹಿಡಿದು ಅಲ್ಲಲ್ಲಿ ಬಣ್ಣ ಬಿಟ್ಟಿತ್ತು. ಕಲ್ಯಾಣಿ ಅಂಚಿನಲ್ಲಿ ಕೂತು ಕಾಲು ಇಳಿಸಿದಳು. ಮೊಣಕಾಲಿನವರೆಗೂ ತಣ್ಣಗೆ ಕೊರೆಯಿತು.

“ನಷ್ಟ ಬರ್ಕೊಳಾಕೆ ಸರ್ಕಾರದೋನೊಬ್ಬ ಬಂದಿದ್ದ,” ಎಂದಳು ಪದ್ಮಾವತಮ್ಮ. “ಗೋಡೆ ಬಿತ್ತಾ ಅಂದ. ಇಲ್ಲ ಅಂದೆ. ಸೂರು? ಇಲ್ಲ. ಹಸು ಏನಾರ ಸತ್ತೋಯ್ತಾ? ನಮ್ಮತ್ರ ಹಸು ಎಲ್ಲೈತೆ? ಹಂಗಾದ್ರೆ ನಷ್ಟ ಇಲ್ಲ ಅಂತ ಬರ್ಕೊಂಡು ಹೊಂಟೋದ. ಇದು ಒಣಗೋಕೆ ಹದಿನೈದು ದಿನ ಬೇಕು ಕಣಮ್ಮ. ಅಲ್ಲೀಗಂಟ ನಾನೇನು ತೇಲ್ಕೊಂಡು ನೇಯ್ಲಾ?”

ಕಲ್ಯಾಣಿಗೆ ನಗುವೂ ಬಂತು, ನಾಚಿಕೆಯೂ ಆಯಿತು.

ಚಳಿಗಾಲದ ಅಧಿವೇಶನಕ್ಕೆ ಅವಳ ಕಾರ್ಯದರ್ಶಿ ಧರ್ಮೇಂದ್ರ ಮತ್ತೆ ಇಂಗ್ಲಿಷ್ ಹಾಳೆಗಳನ್ನು ತಂದ. ಅವಳು ವಾಪಸ್ ಕೊಟ್ಟಳು. “ತೆಲುಗಲ್ಲಿ ಮಾತಾಡ್ತೀನಿ ಅಂತ ಮೊದ್ಲೇ ತಿಳಿಸ್ಬಿಡು. ಅನುವಾದದೋರು ಇರ್ತಾರೆ.”

ಶೂನ್ಯವೇಳೆಯಲ್ಲಿ ಎರಡು ದಿನ ಅವಳ ಸರದಿಯೇ ಬರಲಿಲ್ಲ. ಮೂರನೆಯ ದಿನ ಊಟದ ಹೊತ್ತು ಹತ್ತಿರವಾಗಿ ಬೆಂಚುಗಳು ಖಾಲಿಯಾಗುತ್ತಿದ್ದಾಗ ಹೆಸರು ಕರೆದರು. ಮೂರು ನಿಮಿಷ. ಕೈಯಲ್ಲಿ ಹಾಳೆಯಿರಲಿಲ್ಲ. ತೆಲುಗಿನಲ್ಲಿ ಗುಂಡಿ ಹೇಗಿರುತ್ತದೆ, ನೀರು ಹೇಗೆ ನುಗ್ಗುತ್ತದೆ ಎಂದು ಪಾಠ ಹೇಳುವಂತೆ ಹೇಳಿದಳು. ಗೋಡೆ, ಸೂರು, ಹಸುವಿನ ಪ್ರಶ್ನೆಗಳನ್ನೂ ಹೇಳಿದಳು. ಆಮೇಲೆ ಪದ್ಮಾವತಮ್ಮನ ಮಾತಿಗೆ ಬಂದಾಗ ಅದು ಕಿವಿಗೆ ಬಿದ್ದ ಹಾಗೆಯೇ ಹೊರಬಂತು.

“ಅಲ್ಲೀಗಂಟ ನಾನೇನು ತೇಲ್ಕೊಂಡು ನೇಯ್ಲಾ?”

ಹೆಡ್‌ಫೋನುಗಳು ಮೌನವಾದವು. ಗಾಜಿನ ಕೋಣೆಯಲ್ಲಿದ್ದ ತೆಲುಗು ಅನುವಾದಕ ಎರಡೂ ಕೈ ಎತ್ತಿದ. ಕರ್ನಾಟಕದ ಸದಸ್ಯರೊಬ್ಬರು ಒಬ್ಬರೇ ಗಟ್ಟಿಯಾಗಿ ನಕ್ಕರು. ಪೀಠದಲ್ಲಿದ್ದ ಮಹಿಳೆ, ಇದು ಯಾವ ಭಾಷೆ ಎಂದು ಹಿಂದಿಯಲ್ಲಿ ಕೇಳಿದರು.

“ಕ್ಷಮಿಂಚಂಡಿ ಮೇಡಂ, ಅದು ಕನ್ನಡ. ಮನೆಯ ಮಾತು, ಬಂದ್ಬಿಡ್ತು,” ಎಂದಳು ಕಲ್ಯಾಣಿ, ಎರಡೂ ಭಾಷೆಯನ್ನು ಬೆರೆಸಿ. ಆಮೇಲೆ ಅದೇ ಪ್ರಶ್ನೆಯನ್ನು ತೆಲುಗಿನಲ್ಲಿ ಕೇಳಿದಳು. ಅನುವಾದ ತಲುಪಲು ಎರಡು ಕ್ಷಣ ಹಿಡಿಯಿತು. ಹೊರಟಿದ್ದವರು ಬಾಗಿಲಲ್ಲೇ ನಿಂತು ನಕ್ಕರು. ಅಷ್ಟರಲ್ಲಿ ಗಂಟೆ. ಎದುರು ಪಕ್ಷದ ಹಿರಿಯರೊಬ್ಬರು ಎದ್ದು, “ಅವರು ಮುಗಿಸಲಿ” ಎಂದರು. ಪೀಠ ಇನ್ನೊಂದು ನಿಮಿಷ ಕೊಟ್ಟಿತು. ಮಳೆ ನಷ್ಟದ ಪಟ್ಟಿಯಲ್ಲಿ ಮಗ್ಗಕ್ಕೂ ಒಂದು ಸಾಲು ಬೇಕು ಎಂದಷ್ಟೇ ಕೇಳಿ ಕಲ್ಯಾಣಿ ಕೂತಳು.

ಸಂಜೆ ಧರ್ಮೇಂದ್ರ ಕಂಗಾಲಾಗಿದ್ದ. “ಆಂಧ್ರದ ಎಂಪಿ ಕನ್ನಡ ಯಾಕೆ ಮಾತಾಡಿದ್ರು ಅಂತ ಪಾರ್ಟಿ ಆಫೀಸಿಂದ ಫೋನು ಮೇಡಂ.” ಆದರೆ ಮರುದಿನದ ಹೊತ್ತಿಗೆ ರಾಜ್ಯದ ಗಡಿಯ ಕೊಡಿಕೊಂಡ ಚೆಕ್‌ಪೋಸ್ಟಿನ ಢಾಬಾಗಳಲ್ಲಿ ಎರಡೂ ಕಡೆಯ ಲಾರಿ ಡ್ರೈವರುಗಳು ಆ ವಿಡಿಯೊ ನೋಡಿ ನಗುತ್ತಿದ್ದರು. ಪಾರ್ಟಿ ಆಫೀಸಿನವರು ಮತ್ತೆ ಫೋನು ಮಾಡಿ ಅಭಿನಂದಿಸಿದರು.

ಫೆಬ್ರವರಿಯಲ್ಲಿ ಮಂತ್ರಿಗಳ ಪತ್ರ ಬಂತು. ಕಲ್ಯಾಣಿ ಅದನ್ನು ಪದ್ಮಾವತಮ್ಮನಿಗೆ ಓದಿ ಹೇಳಿದಳು.

“ಪರಿಶೀಲನೆಯಲ್ಲೈತೆ ಅಂದ್ರೆ?”

“ನೋಡ್ತಾ ಇದೀವಿ ಅಂತ ಅಕ್ಕ.”

“ಎಲ್ಲಿಂದ? ದೆಹಲಿಯಿಂದ್ಲೇ ಕಾಣ್ಸುತ್ತಾ?”

ಕಲ್ಯಾಣಿ ಬಿಡಲಿಲ್ಲ. ವಿಪತ್ತು ಪರಿಹಾರದ ಚರ್ಚೆಯಲ್ಲಿ ಐದು ನಿಮಿಷ ಸಿಕ್ಕಾಗ ಅದನ್ನೇ ಎತ್ತಿದಳು. ಲಿಖಿತ ಪ್ರಶ್ನೆಯಾಗಿಯೂ ಹಾಕಿದಳು. ಈಗ ಅವಳು ನಿಂತರೆ ಸಾಕು, ಕರ್ನಾಟಕದ ಆ ಸದಸ್ಯರು “ಮಗ್ಗ ಬಂತು” ಎನ್ನುತ್ತಿದ್ದರು.

ಮುಂದಿನ ಮಳೆಗಾಲದ ಒಂದು ಮಧ್ಯಾಹ್ನ, ಕಲ್ಯಾಣದುರ್ಗದಲ್ಲಿ ಅಪ್ಪನ ಜೊತೆ ಮುದ್ದೆ ಮುರಿಯುತ್ತಿದ್ದಾಗ ಫೋನು ಬಂತು. ಆ ಕಡೆಯಿಂದ ಪದ್ಮಾವತಮ್ಮ ಕೂಗುತ್ತಿದ್ದಳು.

“ಟೀಚರಮ್ಮ! ಇವತ್ತು ನಷ್ಟ ಬರ್ಕೊಳಾಕೆ ಬಂದೋನ ಕಾಗದ್ದಾಗೆ ಮಗ್ಗ ಅಂತ ಒಂದು ಸಾಲೈತೆ! ರಮ್ಯಾ ಓದಿದ್ಳು. ಗುಂಡಿಗೆ ಟೇಪು ಬಿಟ್ಟು ನೀರು ಅಳೆದ, ಹಾಳಾದ ರೇಷ್ಮೆ ತೂಗ್ದ, ಎಲ್ಲಾ ಬರ್ಕೊಂಡ ಕಣಮ್ಮ!”

ಕಲ್ಯಾಣಿ ಎಂಜಲು ಕೈಯಲ್ಲೇ ಎದ್ದು ಅಂಗಳಕ್ಕೆ ಬಂದಳು.

“ಒಳ್ಳೇದಾಯ್ತು ಅಕ್ಕ,” ಎಂದಳು.

“ಆಯ್ತು. ಈಗ ಕರೆಂಟಿನ ಸುದ್ದಿ ಎತ್ತು. ಬೆಳಗ್ಗೆಯಿಂದ ಇಲ್ಲ.”

“ಅದು ಲೋಕಸಭೇದಲ್ಲ ಅಕ್ಕ, ರಾಜ್ಯದ್ದು.”

“ಯಾರ್ದಾರ ಆಗ್ಲಿ ಕಣಮ್ಮ. ನಿಂಗೆ ಹೆಂಗೂ ಮಾತಾಡಾಕೆ ಬತ್ತೈತೆ!”