ತೊಟ್ಟಿ ನೀರಿನ ಹೊಸ ಜೀವಿ

ಜೀವಭೌತಶಾಸ್ತ್ರದ ಮೊದಲ ಪ್ರಯೋಗದಲ್ಲೇ ನಾನೊಂದು ಹೊಸ ಜೀವಿಯನ್ನು ಕಂಡುಹಿಡಿದೆ. ಕಾಲೇಜಿನ ತೊಟ್ಟಿಯ ಒಂದು ಹನಿ ನೀರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣು ಹಚ್ಚಿದರೆ, ಅಬ್ಬಬ್ಬಾ, ಸಾಲಾಗಿ ಬಾಗಿದ ಕಪ್ಪು ಕಾಲುಗಳು! ಕಣ್ಣು ಮಿಟುಕಿಸುವಷ್ಟರಲ್ಲಿ ಒಮ್ಮೆ ಪಟಕ್ಕನೆ ಬೀಸಿ ಮತ್ತೆ ಗಪ್‌ಚುಪ್.

ಪಕ್ಕದಲ್ಲಿದ್ದ ಗೆಳತಿ, ಲೆಕ್ಕದ ಹುಲಿ ಎಂದೇ ಹೆಸರಾದವಳು, ಬಗ್ಗಿ ನೋಡಿದಳು. "ನಂಗೇನೂ ಕಾಣ್ತಿಲ್ಲ ಕಣೇ."

"ಮೊದಲು ಆ ಸೋಡಾಬುಡ್ಡಿ ಕನ್ನಡಕ ಒರೆಸ್ಕೋ!" ಎಂದು ರೇಗಿದೆ. ನನ್ನ ಕಾಟ ತಾಳಲಾರದೆ ಅವಳು, ನಾನು ಹೇಳಿದ ಅಳತೆ ಹಿಡಿದು, ಆ ಕಾಲುಗಳು ನೀರನ್ನು ತಳ್ಳುವ ಬಲವನ್ನೂ ಲೆಕ್ಕ ಹಾಕಿಕೊಟ್ಟಳು. ಜೀವಿಗೆ ನಮ್ಮಜ್ಜಿಯ ಹೆಸರಿಟ್ಟೆ. ಅಜ್ಜಿಗೆ ಫೋನ್ ಮಾಡಿ ತಿಳಿಸಿಯೂ ಬಿಟ್ಟೆ.

ಆಮೇಲೆ ಮೇಡಂ ಬಂದರು. ನಿವೃತ್ತಿಯ ಅಂಚಿನಲ್ಲಿದ್ದ ಅವರು ತುಂಬಾ ಹೊತ್ತು ಕಣ್ಣಿಟ್ಟು ನೋಡಿದರು.

"ಹೌದು, ನಂಗೂ ಕಾಣ್ತಿದೆ."

ನಾನು ಹಿಗ್ಗಿ ಹೀರೇಕಾಯಿಯಾದೆ.

"ಆದ್ರೆ ನೀನು ಕಪ್ಪಗಿದೆ ಅಂದ್ಯಲ್ಲಮ್ಮಾ, ನಂಗೆ ಬೆಳ್ಳಗೆ ಕಾಣ್ತಿದೆ. ನನ್ನ ರೆಪ್ಪೆಕೂದಲು ನರೆತು ಎಷ್ಟೋ ವರ್ಷ ಆಯ್ತು, ನೋಡು."

ಗೆಳತಿ ಕಿಸಕ್ಕನೆ ನಕ್ಕಳು. ಅಷ್ಟರಲ್ಲಿ ಅಜ್ಜಿಯ ಫೋನ್ ಬಂತು.

"ಬೀದಿಗೆಲ್ಲಾ ಹೇಳ್ಬಿಟ್ಟೆ ಪುಟ್ಟಾ. ಎಲ್ರೂ ಕೇಳ್ತಿದಾರೆ, ಅದು ಕಚ್ಚುತ್ತಾ?"