ತಾತನ ಹತ್ತು ಮಣಿ

ಬೆಸೆಂಟ್ ನಗರದ ಆ ಮನೆಯಲ್ಲಿ ಸಂಜೆಯ ಜಪಸರವನ್ನು ಪಾಲು ಹಂಚಿಕೊಂಡು ಹೇಳುವ ರೂಢಿ. ತಲೆಗೆ ಹತ್ತು ಮಣಿ, ಮಣಿಗೊಂದು ಪ್ರಾರ್ಥನೆ. ಮೂರನೆಯ ಪಾಲು ಪ್ರೆಸಿಲ್ಲಾಳ ಅಪ್ಪನದು. ಅವನು ಇನ್ನೊಬ್ಬಳ ಜೊತೆ ಊರಿನ ಆ ತುದಿಯ ತಿರುವೊಟ್ಟಿಯೂರಿನಲ್ಲಿ ಸಂಸಾರ ಹೂಡಿದಾಗ ಪ್ರೆಸಿಲ್ಲಾ ಇನ್ನೂ ಲಂಗ ಉಡುವ ಹುಡುಗಿ. ಅವಳ ತಾಯಿ ಆರೋಗ್ಯಮ್ಮ ಮಾತ್ರ ಅವನ ಪಾಲನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಅವನ ಸರದಿ ಬಂದಾಗ ಎಲ್ಲರೂ ಬಾಯಿ ಮುಚ್ಚಿಕೊಂಡು ಮಣಿ ಸರಿಸಬೇಕು.

"ದೇವರ ಮುಂದೆ ಕೈ ಹಿಡಿದೋರು, ಬಂದೇ ಬರ್ತಾರೆ," ಎನ್ನುತ್ತಿದ್ದಳು.

ಬರಲಿಲ್ಲ, ಪುಣ್ಯಾತ್ಮ. ಆ ಮೌನದಲ್ಲೇ ಪ್ರೆಸಿಲ್ಲಾ ಬೆಳೆದಳು. ಆ ಮೌನಕ್ಕೇ ಗಂಡನನ್ನೂ ಕರೆತಂದಳು.

ಈ ಸಂಜೆ ನಾಲ್ಕನೆಯ ಪಾಲು ಗಂಡ ಜೆರಾಲ್ಡನದು. ಅಷ್ಟರಲ್ಲಿ ಅವನ ಫೋನು ಗುಂಯ್‌ಗುಟ್ಟಿತು. ಹೆಸರು ನೋಡಿ, "ಆಫೀಸು," ಎಂದವನು ತಲೆ ಬಾಚಿಕೊಂಡು ಹೊರಟೇ ಹೋದ. ಭಾನುವಾರ ಎಂಥ ಆಫೀಸು ಎಂದು ಯಾರೂ ಕೇಳಲಿಲ್ಲ. ಪ್ರೆಸಿಲ್ಲಾಳಿಗೆ ಎಲ್ಲ ಗೊತ್ತಿತ್ತು. ತನ್ನ ಪುಟ್ಟ ಮಗಳಿಗೆ ಗೊತ್ತಿಲ್ಲ ಎಂದುಕೊಂಡಿದ್ದಳು.

"ಅವರ ಪಾಲು ನಾನೇ ಹೇಳ್ತೀನಿ," ಎಂದು ಅವಳು "ನಮೋ ಮರಿಯಾ" ಶುರುಮಾಡಿದಳು.

ಪುಟ್ಟ ಶೆರಿನ್ ತಾಯಿಯ ಬಾಯಿಗೆ ಕೈ ಅಡ್ಡ ಹಿಡಿದಳು. "ಪೇಸಾದೆಮ್ಮಾ! ಇದು ಅಪ್ಪನ್ ಪಾಲು. ಸುಮ್ನೆ ಇರ್ಬೇಕು, ತಾತಂಗೆ ಇರ್ತೀವಲ್ಲ, ಹಂಗೆ."

ಆರೋಗ್ಯಮ್ಮನ ಬೆರಳು ಮಣಿಯ ಮೇಲೆ ನಿಂತುಬಿಟ್ಟಿತು. ಮಗು ಕಣ್ಣು ಮುಚ್ಚಿ, ತುಟಿ ಬಿಗಿದುಕೊಂಡು, ಮೊದಲನೆಯ ಮಣಿ ಸರಿಸಿತು.