ಮಾತ್ರೆಯೂ ಬೇಕು, ಮುದ್ದೆಯೂ ಬೇಕು

ಆ ದಿನ ಮೂಡಲಗಿರಿಯಪ್ಪ ತಮಾಷೆಯಿಲ್ಲದೆ ಬಂದ. ಗೆಳೆಯ ಪಾತಣ್ಣನ ಅಂಗಳಕ್ಕೆ ಕಾಲಿಡುವ ಮೊದಲೇ "ಏಮಿ ಪಾತಣ್ಣಾ, ಇನ್ನೂ ಬದುಕಿದೀಯಾ?" ಎಂದು ಕೂಗುವುದು ಅವನ ಹುಟ್ಟುಗುಣ. ಅಂದು ಕೂಗಲಿಲ್ಲ. ಕೈಯಲ್ಲಿ ಫೋನು ಹಿಡಿದುಕೊಂಡು ಬೇಲಿಯ ಹತ್ತಿರ ಸುಮ್ಮನೆ ನಿಂತ. ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ ಪಾತಣ್ಣನ ಕೈ ತಾನಾಗಿ ನಿಂತಿತು.

"ಯಾರು?" ಎಂದು ಕೇಳಿದ.

"ಅತ್ತಿಗೆ," ಎಂದ ಮೂಡಲಗಿರಿಯಪ್ಪ. "ನಿನ್ನ ಮಗ ಫೋನ್ ಮಾಡಿದ್ದ. ಆಸ್ಪತ್ರೆ ಮುಟ್ಟೋದ್ರಾಗೆ ಹೋಗ್ಬಿಟ್ರಂತೆ. ನಿನಗೆ ಹೇಳಾಕೆ ಅವನಿಗೆ ಬಾಯಿ ಬರಲಿಲ್ಲ."

ಪಾತಣ್ಣ ನಾಯಕನಹಟ್ಟಿಯ ತಿಪ್ಪೇಶನ ಗುಡಿಯ ದಿಕ್ಕಿಗೆ ತಿರುಗಿ ಕೈ ಮುಗಿದ. ಆಮೇಲೆ ನೆಲಕ್ಕೆ ಕುಳಿತ.

ಮೊಳಕಾಲ್ಮುರು ಸೀಮೆಯ ಸಿದ್ದಾಪುರದ ಆಚೆ, ಬಂಡೆಗುಡ್ಡಗಳ ಮಗ್ಗುಲಿಗೆ ಇರುವ ಹಟ್ಟಿ ಅವರದು. ಕುರಿ ಸಾಕುವುದೇ ಬದುಕು. ಶೇಂಗಾ ಕಿತ್ತು ಹೊಲ ಖಾಲಿಯಾದ ಮೇಲೆ ಕೆಲವು ಮನೆಯವರು ಕುರಿಗಳನ್ನು ಒಟ್ಟುಗೂಡಿಸಿ ರಾಜ್ಯದ ಗಡಿ ದಾಟಿ ರಾಯದುರ್ಗದ ಆಚೆಗೆ ಹೊಡೆದುಕೊಂಡು ಹೋಗುತ್ತಾರೆ. ರೈತರ ಹೊಲದಲ್ಲಿ ರಾತ್ರಿ ಕುರಿ ತರುಬಿದರೆ ನೆಲಕ್ಕೆ ಗೊಬ್ಬರ. ಅದಕ್ಕೆ ರೈತ ಕಾಳು ಕೊಡುತ್ತಾನೆ. ಇದಕ್ಕೆ ಮಂದೆ ಹೋಗುವುದು ಎನ್ನುತ್ತಾರೆ. ಮಂದೆಗೆ ಪ್ರತಿ ಮನೆಯಿಂದ ಕುರಿ ಕಾಯಲು ಒಬ್ಬ ಗಂಡಸು, ಅಡುಗೆಗೆ ಒಬ್ಬ ಹೆಂಗಸು. ಹಿಂದಿನಿಂದ ನಡೆದುಬಂದ ಪದ್ಧತಿ.

ಆ ವರ್ಷ ಪಾತಣ್ಣನ ಮೊಣಕಾಲು ಹಿಡಿದಿತ್ತು. ಸೊಸೆ ರೂಪ ಹಸಿ ಬಾಣಂತಿ. ಹೀಗಾಗಿ ಮಗ ನಾಗಭೂಷಣನ ಜೊತೆ ಅಡುಗೆಗೆ ಹೊರಟವಳು ಪಾತಣ್ಣನ ಹೆಂಡತಿ ಕರಿಯಕ್ಕ. ಬೇಸಿಗೆಯಲ್ಲಿ ಅವಳಿಗೆ ಕ್ಷಯರೋಗ ಎಂದು ಗೊತ್ತಾಗಿತ್ತು. ಆಶಾ ಕಾರ್ಯಕರ್ತೆ ರಾಧಮ್ಮ ಮಾತ್ರೆ ಕೊಡಿಸಿದ್ದಳು. ಸ್ವಲ್ಪ ದಿನಕ್ಕೆ ಕೆಮ್ಮು ತಗ್ಗಿತು. "ವಾಸಿ ಆತು ಬಿಡು," ಎಂದು ಪಾತಣ್ಣನೇ ಹೇಳಿದ್ದ. ಉಳಿದ ಮಾತ್ರೆಗಳು ಗೋಡೆಯ ಮಾಡದಲ್ಲಿಯೇ ಉಳಿದವು. ಕರಿಯಕ್ಕ ಮಂದೆಯ ಹಿಂದೆ ನಡೆದಳು. ಹಗಲು ದಾರಿ, ಸಂಜೆ ಒಲೆ, ರಾತ್ರಿ ಬಯಲಿನಲ್ಲಿ ಮಲಗುವುದು. ತಿರುಗಿ ಬಂದದ್ದು ಅವಳ ದೇಹ ಮಾತ್ರ.

ದಿನಕರ್ಮ ಮುಗಿಯಿತು. ಬಂದವರೆಲ್ಲ "ದೇವರ ಇಚ್ಛೆ" ಎಂದರು. ಪಾತಣ್ಣನೂ ಹಾಗೆಯೇ ನಂಬಿದ. ಹಣೆಯಲ್ಲಿ ಬರೆದದ್ದನ್ನು ಅಳಿಸುವವರಾರು?

ಅಷ್ಟರಲ್ಲಿ ರೂಪಳಿಗೆ ಕೆಮ್ಮು ಹತ್ತಿತು. ಮಗುವಿನ ಲಸಿಕೆಯ ದಿನ ಹೇಳಲು ಬಂದ ರಾಧಮ್ಮನ ಕಿವಿಗೆ ಅದು ಬಿದ್ದಿತು.

"ಪಾತಣ್ಣಾರೆ, ರೂಪ ಎಷ್ಟು ದಿನದಿಂದ ಹಿಂಗೆ ಕೆಮ್ತಾ ಅವ್ಳೆ?"

"ಬಾಣಂತಿ ಅಲ್ವೇನಮ್ಮ, ತಣ್ಣೀರು ಮುಟ್ಟಿರ್ತಾಳೆ."

"ಎರಡು ವಾರ ದಾಟಿದ್ರೆ ಕಫ ಪರೀಕ್ಷೆ ಮಾಡಿಸ್ಬೇಕು. ನೀವೆಲ್ಲರೂ ಮಾಡಿಸ್ಕಳ್ಳಿ. ಮನೆಯಾಗೆ ಒಬ್ಬರಿಗೆ ಕ್ಷಯ ಇದ್ರೆ ಜೊತೆಗಿದ್ದೋರನ್ನೂ ನೋಡಿಸ್ಬೇಕು. ಕಾಸು ಕೊಡಂಗಿಲ್ಲ."

"ಕಾಸಿನ ಮಾತಲ್ಲ," ಎಂದ ಪಾತಣ್ಣ. ದನಿ ಗಟ್ಟಿಯಾಯಿತು. "ಸತ್ತೋಳ ಹೆಸರಿನಾಗೆ ಒಂದು ಸಲ ಊರು ಬಾಯಿಗೆ ಬಂದಂಗೆ ಆಡ್ತು. ಸೊಸೆಗೂ ಅದೇ ಅಂದ್ರೆ ಮಂದೆಯೋರು ನಮ್ಮ ಕುರಿ ಸೇರಿಸ್ಕಳಲ್ಲ. ನಮ್ಮ ಮನೆ ನೀರು ಯಾರೂ ಕುಡಿಯಲ್ಲ. ನಿನ್ನ ಮಾತ್ರೆ ಕರಿಯಕ್ಕನ್ನ ಉಳಿಸ್ತೇನು? ಹೋಗಮ್ಮ ಸಾಕು."

ರಾಧಮ್ಮ ಮಗುವನ್ನು ಎತ್ತಿ ಒಮ್ಮೆ ನೋಡಿ, ರೂಪಳ ಕೈಗೆ ಕೊಟ್ಟು ಹೋದಳು.

ಮಗ ನಾಗಭೂಷಣನ ಚಿಂತೆಯೇ ಬೇರೆ. ಕುರಿಗಳು ಮಂದೆಯವರ ಸುಪರ್ದಿಯಲ್ಲಿ ಗಡಿಯಾಚೆ ಇವೆ. ಬೇಗ ಹೋಗಬೇಕು. ಅಡುಗೆಗೆ ಯಾರು?

"ಮಗೀನ ಜೋಳಿಗೆಯಾಗೆ ಹಾಕ್ಕಂಡು ರೂಪ ಬರ್ಲಿ ಬಿಡಪ್ಪ," ಎಂದ. "ಬೇರೆ ದಾರಿ ಏನೈತೆ?"

ಪಾತಣ್ಣ ಹೂಂ ಎಂದ. ಒಳಗಿನ ಕೋಣೆಯಿಂದ ರೂಪ ಕೆಮ್ಮುವುದು ಕೇಳಿಸಿತು. ಅವನು ಕೇಳಿಸದವನಂತೆ ಎದ್ದು ಮರಿಗಳ ಕಡೆ ಹೋದ. ಹೊರಡುವುದು ಸೋಮವಾರ ಎಂದು ನಿಶ್ಚಯವಾಯಿತು.

ಹೊರಡುವ ಮುಂಚಿನ ದಿನ ಮೂಡಲಗಿರಿಯಪ್ಪ ಓಡೋಡಿ ಬಂದ. ಕುರಿಯ ಕಾಯಿಲೆ ಗುರುತಿಸುವುದರಲ್ಲಿ ಆ ಸುತ್ತಿನಲ್ಲಿ ಪಾತಣ್ಣನನ್ನು ಮೀರಿಸಿದವರಿಲ್ಲ. ಮಗುವಿನ ಲಸಿಕೆಯನ್ನು ಮತ್ತೆ ನೆನಪಿಸಲು ಬಂದಿದ್ದ ರಾಧಮ್ಮನೂ ಜಗಲಿಯ ಮೇಲೆ ಕುಳಿತಿದ್ದಳು.

"ಲೇ ಪಾತಾ, ನನ್ನ ಕುರಿ ಒಂದರ ಹಿಂದೆ ಒಂದು ಕೆಮ್ತಾ ಅವೆ ಕಣೋ. ಡಾಕ್ಟ್ರು ಸೂಜಿ ಹಾಕಿ ಹೋದ್ರು. ಎರಡು ದಿನ ನೆಟ್ಟಗಿದ್ವು, ಮತ್ತೆ ಶುರು."

"ರೊಪ್ಪ ಎಲ್ಲಿ ಹಾಕಿದೀಯಾ?" ರೊಪ್ಪ ಎಂದರೆ ಮುಳ್ಳುಬೇಲಿ ಕಟ್ಟಿ ಕುರಿ ಕೂಡುವ ಜಾಗ.

"ಅದೇ, ಮನೆ ಹಿಂದೆ. ನೀರು ನಿಂತಿರೋ ತಾವು."

"ನಿನ್ನ ತಲೆ! ಕೆಸರಿನಾಗೆ, ಒಂದರ ಮೈ ಮೇಲೆ ಒಂದು ಒತ್ತಿ ಕೂಡಿದ್ರೆ ಕೆಮ್ಮದೆ ಹಾಡ್ತಾವೇನಲೇ? ಸೂಜಿ ಏನು ಮಾಡ್ತದೆ? ಮೊದ್ಲು ರೊಪ್ಪ ಬದಲಾಯ್ಸು. ಒಣಗಿದ ತಾವು, ಗಾಳಿ ಆಡೋ ತಾವು ನೋಡು. ಸೊರಗಿರೋವಕ್ಕೆ ಹುರುಳಿ ನೆನೆಸಿ ಬೇರೆ ಇಡು. ಮಂದೆ ಜೊತೆ ಬಿಟ್ರೆ ಬಲವಾದವು ತಿಂದು ಬಿಡ್ತಾವೆ, ಸೊರಗಿದ್ದು ಸೊರಗೇ ಇರ್ತದೆ. ಅದನ್ನ ನಡೆಸ್ಬೇಡ, ಮಲಗಾಕೆ ಬಿಡು. ಆಮೇಲೆ ಸೂಜಿ ಹಾಕ್ಸು, ಹತ್ತುತ್ತೆ."

"ಕುರಿದೇ ತಪ್ಪು ಅಂದ್ಕಂಡಿದ್ದೆ ನೋಡು," ಎಂದು ಮೂಡಲಗಿರಿಯಪ್ಪ ತಲೆ ಕೆರೆದುಕೊಂಡ.

"ಕುರಿ ಏನು ಮಾಡ್ತದಪ್ಪ? ಕೂಡಿದ ಕಡೆ ಇರ್ತದೆ, ಹಾಕಿದ್ದು ತಿಂತದೆ."

ಆಗ ಬಾಗಿಲ ಮರೆಯಿಂದ ಒಂದು ದನಿ ಬಂದಿತು. ಹಿರಿಯರ ಮುಂದೆ ಎಂದೂ ಬಾಯಿ ಬಿಡದ ರೂಪಳ ದನಿ.

"ಮಾವಾ, ನಮ್ಮ ಕೋಣೆನೂ ಹಂಗೇ ಐತಲ್ಲ?"

ರೂಪ ಸೆರಗು ಬಿಗಿದುಕೊಂಡು, ಹೆದರುತ್ತಲೇ ಮುಂದುವರಿಸಿದಳು.

"ಅತ್ತೆ ಮಾತ್ರೆ ಮರೆತು ಬಿಟ್ಟಿದ್ದಲ್ಲ ಮಾವ. ಖಾಲಿ ಹೊಟ್ಟೆಗೆ ನುಂಗಿದ್ರೆ ವಾಂತಿ ಆಗ್ತಿತ್ತು. ಎಲ್ರೂ ಉಂಡ ಮೇಲೆ ಅವ್ರು ಕೂರೋದು. ಮಡಿಕೆ ತಳದಾಗೆ ಏನಿರ್ತಿತ್ತು? ಸಾರಿನ ನೀರು ಕುಡಿದು ಏಳೋರು. ನಿಮಗೆ ಹೇಳ್ಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕಂಡಿದ್ರು."

ಪಾತಣ್ಣನಿಗೆ ಹೆಂಡತಿಯ ಮಾತು ನೆನಪಾಯಿತು. "ನಂಗೆ ಹಸಿವಿಲ್ಲ, ನೀವು ಉಣ್ರಿ." ಅವಳು ಅದನ್ನು ದಿನವೂ ಹೇಳುತ್ತಿದ್ದಳು. ಅವನು ದಿನವೂ ನಂಬಿ ಉಣ್ಣುತ್ತಿದ್ದ.

ಅವನು ಎದ್ದು ಒಳಕೋಣೆಗೆ ಹೋಗಿ ನಿಂತ. ಕಿಟಕಿಯಿಲ್ಲದ ಕೋಣೆ. ಬಾಣಂತಿಗೆ ಗಾಳಿ ಸೋಕಬಾರದೆಂದು ಇದ್ದ ಒಂದು ಗವಾಕ್ಷಿಯನ್ನೂ ಗೋಣಿಯಿಂದ ಮುಚ್ಚಿದ್ದರು. ಒಂದು ಕಡೆ ಉಣ್ಣೆಯ ಮೂಟೆ, ಒಂದು ಕಡೆ ಈರುಳ್ಳಿ ರಾಶಿ, ನಡುವೆ ಚಾಪೆ. ಒಲೆಯ ಹೊಗೆ ನೇರ ಅಲ್ಲಿಗೇ ಬರುತ್ತಿತ್ತು. ಕರಿಯಕ್ಕ ಮಲಗಿ ಕೆಮ್ಮಿದ ಜಾಗದಲ್ಲಿಯೇ ರೂಪ ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ಮಲಗುತ್ತಿದ್ದಳು. ಪಾತಣ್ಣ ತನ್ನ ಕೈಯಾರೆ ಕಟ್ಟಿದ ಕುರಿಮರಿಗಳ ಗೂಡಾದರೋ ಎತ್ತರದ ಒಣನೆಲದಲ್ಲಿತ್ತು. ನಾಲ್ಕೂ ಕಡೆಯಿಂದ ಗಾಳಿ ಆಡುತ್ತಿತ್ತು.

ಹೊರಗೆ ಬಂದು ರಾಧಮ್ಮನ ಮುಂದೆ ಕುಳಿತ. "ಹಂಗಾದ್ರೆ ಅವಳದ್ದು ಹಣೆಬರಹ ಅಲ್ವೇನಮ್ಮ?"

"ದೇವರ ಲೆಕ್ಕ ನನಗೆ ಗೊತ್ತಿಲ್ಲ ಪಾತಣ್ಣಾರೆ," ಎಂದಳು ರಾಧಮ್ಮ. "ಕ್ಷಯದ ಕ್ರಿಮಿ ಯಾರಿಗಾದ್ರೂ ಬರುತ್ತೆ, ಸಾಹುಕಾರನಿಗೂ ಬರುತ್ತೆ. ಅದು ಪಾಪ ಅಲ್ಲ, ಶಾಪ ಅಲ್ಲ. ಆದ್ರೆ ಗಾಳಿ ಇಲ್ಲದ ಕೋಣೆ, ಅರೆಹೊಟ್ಟೆ, ಮೈ ಮುರಿಯೋ ದುಡಿಮೆ ಇದ್ದಲ್ಲಿ ಅದಕ್ಕೆ ಸಲೀಸು. ಮಾತ್ರೆ ಕೊಡೋದು ನನ್ನ ಕೆಲಸ. ಉಂಡು, ಮಲಗಿ, ನೆಟ್ಟಗೆ ನುಂಗೋ ಹಂಗೆ ನೋಡ್ಕಳೋದು ಮನೆಯೋರ ಕೆಲಸ. ಮಂದೆ ಹೋಗ್ತೀವಿ ಅಂತ ಒಂದು ಮಾತು ಹೇಳಿದ್ರೆ ಆ ಕಡೆ ಸರ್ಕಾರಿ ಆಸ್ಪತ್ರೆಯಾಗೇ ಕರಿಯಕ್ಕಂಗೆ ಮಾತ್ರೆ ಸಿಗೋ ಹಂಗೆ ಮಾಡಿಸ್ಬಹುದಿತ್ತು. ನೀವೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಸೋಮವಾರ ಅವರು ಮಂದೆಗೆ ಹೊರಡಲಿಲ್ಲ. ಮೊಳಕಾಲ್ಮುರಿನ ಬಸ್ಸು ಹತ್ತಿದರು. ರೂಪಳಿಗೆ ಕ್ಷಯವಿದೆ ಎಂದು ಪರೀಕ್ಷೆಯಲ್ಲಿ ತಿಳಿಯಿತು. ಉಳಿದವರಿಗೆ ಇರಲಿಲ್ಲ. ಕೂಸಿಗೆ ರೋಗ ತಗಲದಂತೆ ಬೇರೆ ಔಷಧ ಕೊಟ್ಟರು. "ಎದೆಹಾಲು ಬಿಡಿಸ್ಬೇಡಿ. ತಾಯಿ ಮೂಗು ಬಾಯಿಗೆ ಮಾಸ್ಕ್ ಹಾಕ್ಕಂಡು ಕುಡಿಸ್ಲಿ," ಎಂದು ವೈದ್ಯರು ಹೇಳಿದರು. ರೂಪ ಅಲ್ಲಿಯೇ ಅತ್ತಳು. ಅವಳ ಹೆದರಿಕೆಯೆಲ್ಲ ಮಗುವಿನ ಬಗ್ಗೆಯೇ ಆಗಿತ್ತು.

ಮನೆಗೆ ಬಂದ ಮೇಲೆ ಮತ್ತೆ ಅದೇ ಪ್ರಶ್ನೆ ಎದ್ದಿತು. ಮಂದೆಯಲ್ಲಿ ಅಡುಗೆ ಯಾರು ಮಾಡಬೇಕು?

"ನೀನೇ ಮಾಡು," ಎಂದ ಪಾತಣ್ಣ ಮಗನಿಗೆ.

"ನಾನಾ? ಮಂದೆಯೋರು ನಗ್ತಾರಪ್ಪ."

"ನಗಲಿ ಬಿಡಲೇ," ಎಂದ ಮೂಡಲಗಿರಿಯಪ್ಪ. "ನಿನ್ನ ಮುದ್ದೆ ಉಂಡ ಮೇಲೆ ಒಬ್ರೂ ನಗಲ್ಲ, ಎಲ್ರೂ ಅಳ್ತಾರೆ."

ಕರಿಯಕ್ಕ ಹೋದ ಮೇಲೆ ಆ ಮನೆಯಲ್ಲಿ ಮೊದಲ ಸಲ ನಗೆ ಕೇಳಿಸಿತು.

ಹಟ್ಟಿಯಲ್ಲಿ ಉಳಿದಿದ್ದ ಮಂದೆಯ ಮನೆಗಳವರಿಗೆ ವಿಷಯ ಮುಚ್ಚಿಡುವುದು ಬೇಡವೆಂದು ಪಾತಣ್ಣ ತಾನೇ ಹೋಗಿ ಹೇಳಿದ. ದುರುಗಣ್ಣ ಎಂಬಾತ ಮುಖ ತಿರುಗಿಸಿ, "ಹಂಗಾದ್ರೆ ನಿಮ್ಮ ಕುರಿ ಬೇರೆ ಮಾಡ್ಕಳ್ಳಿ," ಎಂದ. ಅವನ ಹೆಂಡತಿ ದೊಡ್ಡಕ್ಕ ಒಳಗಿನಿಂದ ಹೇಳಿದಳು: "ಸುಮ್ನಿರಿ ಸಾಕು. ನಮ್ಮ ಅವ್ವನೂ ತಿಂಗಳಿಂದ ಕೆಮ್ತಾ ಅವ್ಳೆ. ಅವ್ರು ಹೇಳಿದ್ರು, ನಾವು ಮುಚ್ಚಿಟ್ಟೀವಿ. ಅಷ್ಟೇ ವ್ಯತ್ಯಾಸ." ದುರುಗಣ್ಣ ತಲೆ ತಗ್ಗಿಸಿದ. ಮರುದಿನ ಆ ಮುದುಕಿಯನ್ನೂ ಪರೀಕ್ಷೆಗೆ ಕರೆದೊಯ್ದರು. ನಾಗಭೂಷಣ ಒಬ್ಬನೇ ಮಂದೆಗೆ ಹೊರಟ.

ಪಾತಣ್ಣ ಹಾರೆ ಹಿಡಿದು ಒಳಕೋಣೆಯ ಗೋಡೆ ಒಡೆದು ಕಿಟಕಿ ಇಟ್ಟ. ಮೂಟೆಗಳು ಹೊರಗೆ ಬಂದವು. ಒಲೆಯನ್ನು ಹಿತ್ತಿಲ ಚಪ್ಪರಕ್ಕೆ ಸಾಗಿಸಿದರು. ಬಡವರ ಮನೆ, ಇದ್ದುದರಲ್ಲಿಯೇ ಎಲ್ಲ ಆಗಬೇಕು. ಚಿಕಿತ್ಸೆಯಲ್ಲಿ ಇರುವವರ ಊಟಕ್ಕೆಂದು ಸರ್ಕಾರ ಬ್ಯಾಂಕಿನ ಖಾತೆಗೆ ಹಾಕುವ ಹಣವನ್ನು ರಾಧಮ್ಮ ಮಾಡಿಸಿಕೊಟ್ಟಳು. ಅದರಲ್ಲಿ ಮೊಟ್ಟೆ, ಬೇಳೆ, ಶೇಂಗಾ ತಂದರು. ಊಟದ ಹೊತ್ತಿಗೆ ರೂಪ ಅಭ್ಯಾಸದಂತೆ ಹಿಂದೆ ಸರಿದರೆ ಪಾತಣ್ಣ ತನ್ನ ತಟ್ಟೆ ಮುಟ್ಟುತ್ತಿರಲಿಲ್ಲ. "ನೀನು ಕೂತ್ಕಾ ಮಗಳೆ. ನೀನು ಉಂಡು ಮಾತ್ರೆ ನುಂಗಿದ ಮೇಲೆ ನಂದು," ಎನ್ನುತ್ತಿದ್ದ. ಮೊದಮೊದಲು ಅವಳು ಗೋಡೆಯ ಕಡೆ ತಿರುಗಿ ಕುಳಿತು ಉಣ್ಣುತ್ತಿದ್ದಳು. ಆಮೇಲೆ ಅಭ್ಯಾಸವಾಯಿತು.

ಕೆಮ್ಮು ನಿಂತ ಮೇಲೂ ಮಾತ್ರೆ ನಿಲ್ಲಿಸಲಿಲ್ಲ. ಆರು ತಿಂಗಳ ಚಿಕಿತ್ಸೆ ಪೂರ್ತಿಯಾದ ಮೇಲೆ ಮತ್ತೆ ಪರೀಕ್ಷೆ ಮಾಡಿದರು. ರೂಪ ಗುಣವಾಗಿದ್ದಳು. ಕೂಸು ಅಂಗಳದಲ್ಲಿ ಮರಿಗಳ ಹಿಂದೆ ಅಂಬೆಗಾಲಿಡುತ್ತಿತ್ತು.

ಓದುವ ಅಣ್ಣತಮ್ಮಂದಿರೇ, ಸಂಘದಲ್ಲಿ ಕುಳಿತು ಕೇಳುವ ತಾಯಂದಿರೇ, ನಿಮ್ಮಲ್ಲಿ ಒಂದು ಕೋರಿಕೆ. ಮನೆಯಲ್ಲಿ ಯಾರಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದರೆ ನಾಳೆ ಎನ್ನಬೇಡಿ, ಕಫ ಪರೀಕ್ಷೆ ಮಾಡಿಸಿ. ಕೆಮ್ಮು ಕಡಿಮೆಯಾಯಿತೆಂದು ಮಾತ್ರೆ ಬಿಡಬೇಡಿ. ಕೂಲಿಗೋ ಮಂದೆಗೋ ಬೇರೆ ಊರಿಗೆ ಹೋಗುವುದಾದರೆ ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿ. ರೋಗಿಯನ್ನು ದೂರುವ ಮೊದಲು ಅವರು ಮಲಗುವ ಜಾಗ ನೋಡಿ, ತಟ್ಟೆ ನೋಡಿ, ಹೊರುವ ಕೆಲಸ ನೋಡಿ. ಮನೆಯವರ ಕೈಲಾಗದ್ದು ಬಹಳ ಇರುತ್ತದೆ. ಗಾಳಿ ಬೆಳಕಿನ ಮನೆ, ಒಳ್ಳೆಯ ನೀರು, ಹೊಟ್ಟೆಗೆ ಪಡಿತರ, ಇವನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಇವೂ ಔಷಧವೇ.

ಸ್ವಾಮಿ ತಿಪ್ಪೇಶಾ, ಮನೆಮಂದಿಗಾಗಿ ಸವೆದುಹೋದ ಕರಿಯಕ್ಕ ನಿನ್ನ ಪಾದ ಸೇರಿದ್ದಾಳೆ. ಇನ್ನು ಆಕೆಗೆ ದಾರಿ ನಡೆಯುವ ದಣಿವು ಬೇಡ. ನಿನ್ನ ನೆರಳಿನಲ್ಲಿ ಆ ತಾಯಿ ನೆಮ್ಮದಿಯಾಗಿರಲಿ. ಆಕೆಯ ಆತ್ಮಕ್ಕೆ ಶಾಂತಿಯನ್ನು ಕರುಣಿಸು.